ಗ್ರಿಡ್ ಸೈಫರ್: ಕನ್ನಡದಲ್ಲಿ ಕಾಗುಣಿತ ಕೈಕೊಟ್ಟಾಗ

ಟ್ರಾನ್ಸ್‌ಪೊಸಿಷನ್ ಸೈಫರ್ (ಸಂದೇಶ ಮುಚ್ಚಿಡುವ ಒಂದು ಗುಪ್ತಲಿಪಿ) ಅಂದರೆ ಹೆದರಬೇಡಿ. ಅಕ್ಷರ ಅದೇ ಇರುತ್ತದೆ, ಕೂರುವ ಜಾಗ ಬದಲಾಗುತ್ತದೆ, ಅಷ್ಟೇ. ಮೊನ್ನೆ ದರ್ಶಿನಿಯಲ್ಲಿ ಕಾಫಿ ಬರುವಷ್ಟರಲ್ಲಿ ಬಿಲ್ ಹಿಂದೆ ಗೆಳೆಯನಿಗೆ ಬರೆದು ತೋರಿಸಿದ್ದು "ನಾಳೆ ಸಂಜೆ ಜಯನಗರಕ್ಕೆ ಬಾ". ಸ್ಪೇಸ್ ಬಿಟ್ಟರೆ 11 ಅಕ್ಷರ. ಗ್ರಿಡ್ ಹೆಚ್ಚುಕಮ್ಮಿ ಚೌಕವಾಗಲೆಂದು ವರ್ಗಮೂಲ ತೆಗೆದರೆ ಮೂರು ಚಿಲ್ಲರೆ, ಹಾಗಾಗಿ 4 ಕಾಲಮ್ ಇಟ್ಟುಕೊಂಡೆ:

ನಾ | ಳೆ | ಸಂ | ಜೆ
ಜ | ಯ | ನ | ಗ
ರ | ಕ್ಕೆ | ಬಾ |

ಮೇಲಿಂದ ಕೆಳಗೆ ಓದಿ: ನಾಜರ ಳೆಯಕ್ಕೆ ಸಂನಬಾ ಜೆಗ.

ಕೋಡ್‌ನಲ್ಲಿ ಗ್ರಿಡ್ ಕಟ್ಟುವ ಗೋಜೇ ಬೇಡ. ಪೈಥಾನ್ ಭಾಷೆಯ ಸ್ಲೈಸ್‌ಗೆ (ಸಾಲಿನಿಂದ ಇಷ್ಟಿಷ್ಟು ಬಿಟ್ಟು ಆರಿಸಿಕೊಳ್ಳುವ ಸೌಲಭ್ಯ; ಎಣಿಕೆ ಶುರು 0ಯಿಂದ) ಹೆಜ್ಜೆ 4 ಕೊಟ್ಟು, 0, 1, 2, 3ರಿಂದ ಒಂದೊಂದು ಸಲ ಶುರು ಮಾಡಿದರೆ 0, 4, 8 ಮೊದಲ ಕಾಲಮ್, 1, 5, 9 ಎರಡನೆಯದು, ಹೀಗೆ ತಾನಾಗೇ ಬರುತ್ತದೆ.

ಅಂತ ಅಂದುಕೊಂಡು ರನ್ ಮಾಡಿದೆ. ಬಂದಿದ್ದು "ನಂನಕಾಜಗೆಳೆರಬೆಜಕಾಸಯ್". 11 ಅಕ್ಷರ ಹಾಕಿದರೆ 12 ಬಂತು! ಪೈಥಾನ್ ಲೆಕ್ಕದಲ್ಲಿ ಆ ಸಾಲಿನ ಉದ್ದ 19, ಯಾಕಂದರೆ ಅದು ಎಣಿಸುವುದು ಯೂನಿಕೋಡ್ ಕೋಡ್ ಪಾಯಿಂಟ್‌ಗಳನ್ನು, ಅಂದರೆ ಕಂಪ್ಯೂಟರ್ ಪ್ರತಿ ವ್ಯಂಜನಕ್ಕೂ ಪ್ರತಿ ಚಿಹ್ನೆಗೂ ಬೇರೆಬೇರೆ ಕೊಡುವ ಸಂಖ್ಯೆಗಳನ್ನು. "ನಾ" ಅಂದರೆ ನ ಒಂದು, ಆ ದೀರ್ಘ ಇನ್ನೊಂದು. "ಕ್ಕೆ" ಒಂದರಲ್ಲೇ ನಾಲ್ಕಿವೆ. ನನ್ನ ಕೋಡ್ ಹೆಜ್ಜೆಯನ್ನೂ ಉದ್ದದ ವರ್ಗಮೂಲದಿಂದಲೇ ಲೆಕ್ಕ ಹಾಕುತ್ತದೆ; ಉದ್ದ 19 ಆದ್ದರಿಂದ ಕಾಲಮ್ 4 ಅಲ್ಲ, 5 ಆಯಿತು, ನಾ ಕಳೆದುಕೊಂಡ ದೀರ್ಘ ಹೋಗಿ ಕ ಮೈಮೇಲೆ ಕೂತು ಕಾ ಆಯಿತು. ಕಂಪ್ಯೂಟರ್ ಇದನ್ನೂ ಸರಿಯಾಗಿ ಬಿಡಿಸುತ್ತದೆ, ಆದರೆ ಪೆನ್ನು ಹಿಡಿದ ಗೆಳೆಯ ಬಿಡಿಸಲಾರ, ಅಲ್ವಾ?

ಪರಿಹಾರ: ಮೊದಲು ಅಕ್ಷರಗಳನ್ನು ಗುಂಪು ಮಾಡಿ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ಕ್ಯಾಟಗರಿ ಫಂಕ್ಷನ್ ಕೊಡುವ ಉತ್ತರ ಇಂಗ್ಲಿಷ್ ಎಂ (M) ಇಂದ ಶುರುವಾದರೆ ಅದು ಸ್ವರಚಿಹ್ನೆ, ಅನುಸ್ವಾರ ಅಥವಾ ವಿರಾಮ ("ಕ್"ನಲ್ಲಿ ಕ ಮೇಲೆ ಬರುವ ಅರ್ಧಾಕ್ಷರದ ಗುರುತು), ಹಿಂದಿನ ಗುಂಪಿಗೇ ಸೇರಿಸಿ. ಹಿಂದೆ ವಿರಾಮ ಇದ್ದರೆ ಈಗಿನ ವ್ಯಂಜನವೂ ಅಲ್ಲಿಗೇ. ಉಳಿದದ್ದೆಲ್ಲ ಹೊಸ ಗುಂಪು. ಆ ಲಿಸ್ಟನ್ನು ಸ್ಲೈಸ್ ಮಾಡಿ.

ಬಿಡಿಸುವಾಗ ಮೂರು ಮೂರಾಗಿ ಕತ್ತರಿಸಿದರೆ ಈ ಸಂದೇಶಕ್ಕೆ ಸರಿಹೋಗುತ್ತದೆ, ಅದು ಸುಮ್ನೆ ಅದೃಷ್ಟ. "ಬಾ" ತೆಗೆದು ನೋಡಿ: 10 ಅಕ್ಷರ, ಕಾಲಮ್‌ಗಳು 3, 3, 2, 2. 10ನ್ನು 4ರಿಂದ ಭಾಗಿಸಿದಾಗ ಶೇಷ 2, ಅಂದರೆ ಮೊದಲ ಎರಡು ಕಾಲಮ್ ಮಾತ್ರ ಉದ್ದ. ನಾನು ಜಾಸ್ತಿ ಹೊತ್ತು ಕಳೆದಿದ್ದು ಇಲ್ಲೇ.

ಗುಟ್ಟು ಗಟ್ಟಿಯೇ ಅಂದರೆ, ಇಲ್ಲ. ಕೀ ಇರುವುದು ಕಾಲಮ್ ಸಂಖ್ಯೆಯಲ್ಲಿ, 2ರಿಂದ 10ರವರೆಗೆ ಹಾಕಿ ನೋಡಿದರೆ ಮುಗೀತು.

ಇನ್ನೊಂದು ಕಿರಿಕಿರಿ "ಜಯನಗರಕ್ಕೆ" ಅನ್ನುವುದರ ಬದಲು ಬರೀ "ಮೆಜೆಸ್ಟಿಕ್" ಬರೆದಾಗ ಸಿಕ್ಕಿತು. ಕೊನೆಯ ಕ್ ಪಕ್ಕದ ಬಾ ಜೊತೆ ಸೇರಿ ಕ್ಬಾ ಆಗಿಬಿಡುತ್ತದೆ. ಅದಕ್ಕೇ ಈಗ ಸ್ಪೇಸ್ ತೆಗೆಯುವ ಮೊದಲೇ ಗುಂಪು ಮಾಡಿ, ಕಳಿಸುವಾಗ ಗುಂಪುಗಳ ನಡುವೆ ಒಂದೊಂದು ಚುಕ್ಕಿ ಇಡುತ್ತೇನೆ.