‘ಮಾರ್ಷಲ್ ಯೋಜನೆ’ಯಲ್ಲಿರುವ ಮಾರ್ಷಲ್ ಯಾರು?

ಕಳೆದ ವಾರ ಓದಿದ ಲೇಖನವೊಂದು ಹಿಂದುಳಿದ ತಾಲ್ಲೂಕುಗಳಿಗೆ ‘ಮಾರ್ಷಲ್ ಯೋಜನೆ’ ಬೇಕೆಂದು ಒತ್ತಾಯಿಸಿ, ಸೇನಾ ಶಿಸ್ತಿನಿಂದ ಜಾರಿಯಾಗುವ ಯೋಜನೆ ಎಂದು ಅದಕ್ಕೆ ಅರ್ಥವನ್ನೂ ಕೊಟ್ಟಿತ್ತು. ಎರಡನೆಯ ಮಹಾಯುದ್ಧದಲ್ಲಿ ನಲುಗಿದ ಯುರೋಪಿನ ಪುನಶ್ಚೇತನಕ್ಕೆ ಅಮೆರಿಕ ಕೊಟ್ಟ ನೆರವಿನ ಹೆಸರು ಅದು, ಸೇನಾ ಶಿಸ್ತಿಗೂ ಅದಕ್ಕೂ ಸಂಬಂಧವಿಲ್ಲ. ಈ ತಪ್ಪನ್ನು ಹಲವು ಬಾರಿ ಕಂಡಿರುವುದರಿಂದ ಇನ್ನೂ ಸುಮ್ಮನಿರುವುದು ಸರಿಯಲ್ಲ ಎನಿಸಿತು.

ಗೊಂದಲಕ್ಕೆ ನಮ್ಮ ಲಿಪಿಯೂ ಒಂದು ಕಾರಣ. ಇಂಗ್ಲಿಷಿನಲ್ಲಿ ಬೇರೆ ಬೇರೆ ಕಾಗುಣಿತವಿರುವ ಮೂರು ಪದಗಳು ಕನ್ನಡಕ್ಕೆ ಬಂದಾಗ ಒಂದೇ ‘ಮಾರ್ಷಲ್’ ಆಗುತ್ತವೆ. ‘ಮಾರ್ಷಲ್ ಲಾ’ (ಸೇನಾಡಳಿತ) ಎಂಬಲ್ಲಿರುವುದು ರೋಮನ್ನರ ಯುದ್ಧದೇವತೆ ಮಾರ್ಸ್‌ನ ಹೆಸರಿನಿಂದ ಹುಟ್ಟಿದ ಲ್ಯಾಟಿನ್ ಮೂಲದ ಪದ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನೊಂದಿಗೆ ಬರುವುದೂ, ಗದ್ದಲವೆದ್ದಾಗ ಶಾಸಕರನ್ನು ಸದನದಿಂದ ಹೊತ್ತೊಯ್ಯುವ ಸಿಬ್ಬಂದಿಗೆ ಇರುವುದೂ ಇನ್ನೊಂದು ಪದ. ಅದರ ಬೇರು ಹಳೆಯ ಜರ್ಮಾನಿಕ್ ಭಾಷೆಯಲ್ಲಿದೆ. ಅಲ್ಲಿ ‘ಮರ್ಹ್’ ಎಂದರೆ ಕುದುರೆ, ‘ಸ್ಕಾಲ್ಕ್’ ಎಂದರೆ ಆಳು. ಲಾಯದಲ್ಲಿ ಕುದುರೆಗೆ ಹುಲ್ಲು ಹಾಕಿ ಮೈ ತಿಕ್ಕುತ್ತಿದ್ದ ಆಳಿನ ಹೆಸರು ಕ್ರಮೇಣ ಅರಮನೆಯ ಲಾಯದ ಮೇಲ್ವಿಚಾರಕನಿಗೂ, ಅಶ್ವದಳವೇ ಸೈನ್ಯದ ಜೀವಾಳವಾಗಿದ್ದ ಕಾಲದಲ್ಲಿ ದಂಡನಾಯಕನಿಗೂ ಸಂದಿತು. ಅರಮನೆಯ ದಾರಿ ಹಿಡಿಯದೆ ಊರಿನಲ್ಲೇ ಕುದುರೆಗಳಿಗೆ ಲಾಳ ಕಟ್ಟಿಕೊಂಡಿದ್ದವರನ್ನೂ ಅದೇ ಪದದಿಂದ ಕರೆಯುತ್ತಿದ್ದರು. ಹೀಗೆ ಕಸುಬಿನ ಹೆಸರು ಮನೆತನದ ಹೆಸರೂ ಆಯಿತು. ಈ ಮನೆತನದ ಹೆಸರೇ ಮೂರನೆಯ ‘ಮಾರ್ಷಲ್’, ಯೋಜನೆಗೆ ಅಂಟಿಕೊಂಡಿರುವುದು ಇದೇ.

ಆ ಹೆಸರಿನ ಜಾರ್ಜ್ ಮಾರ್ಷಲ್ ಸೈನಿಕರೇ ಆಗಿದ್ದುದು ತಪ್ಪು ತಿಳಿವಳಿಕೆಯನ್ನು ಇನ್ನಷ್ಟು ಗಟ್ಟಿಮಾಡಿದೆ. 1939ರಿಂದ 1945ರವರೆಗೆ ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿದ್ದರೂ ಅವರು ಫೀಲ್ಡ್ ಮಾರ್ಷಲ್ ಆಗಿರಲಿಲ್ಲ. ಅಮೆರಿಕದ ಸೇನೆಯಲ್ಲಿ ಆ ಪದವಿಯೇ ಇಲ್ಲ. 1947ರ ಜೂನ್ 5ರಂದು ಹಾರ್ವರ್ಡ್‌ನಲ್ಲಿ ಯುರೋಪಿನ ಪುನಶ್ಚೇತನದ ಮಾತನ್ನೆತ್ತಿದಾಗ ಅವರು ವಿದೇಶಾಂಗ ಕಾರ್ಯದರ್ಶಿ, ನಮ್ಮ ಲೆಕ್ಕದಲ್ಲಿ ವಿದೇಶಾಂಗ ಸಚಿವ. ತಮಗೆ ಏನು ಬೇಕೆಂಬುದನ್ನು ಯುರೋಪಿನ ದೇಶಗಳೇ ಕೂಡಿ ನಿರ್ಧರಿಸಬೇಕು ಎಂಬುದು ಆ ಭಾಷಣದ ತಿರುಳು. ಸೇನಾ ಶಿಸ್ತಿನ ಮಾತಾಡುವವರು ಇದನ್ನೊಮ್ಮೆ ಗಮನಿಸಬೇಕು. ಸೋವಿಯತ್ ಒಕ್ಕೂಟ ಹೊರಗುಳಿಯಿತು. 16 ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ತಮ್ಮ ಅಗತ್ಯಗಳ ಪಟ್ಟಿ ಸಿದ್ಧಪಡಿಸಿದವು.

ದೊಡ್ಡ ಮೊತ್ತದ ಪ್ಯಾಕೇಜನ್ನೆಲ್ಲ ಈ ಹೆಸರಿನಿಂದ ಕರೆಯುವುದೂ ಸರಿಯಲ್ಲ. 1948ರಿಂದ ಸುಮಾರು ನಾಲ್ಕು ವರ್ಷಗಳಲ್ಲಿ ಅಮೆರಿಕ ಕೊಟ್ಟದ್ದು ಅಂದಾಜು 1,300 ಕೋಟಿ ಡಾಲರ್, ಅದರಲ್ಲಿ ಬಹುಪಾಲು ಅನುದಾನ. ಮೊತ್ತಕ್ಕಿಂತ ಹಣ ಹರಿದ ದಾರಿಯೇ ಇಲ್ಲಿ ಮುಖ್ಯ. ಫ್ರಾನ್ಸಿನ ರೈತನೊಬ್ಬನಿಗೆ ಅಮೆರಿಕದ ಟ್ರ್ಯಾಕ್ಟರ್ ಬೇಕಿತ್ತು ಎನ್ನೋಣ. ಅವನ ಕೈಯಲ್ಲಿ ಫ್ರಾಂಕ್ ಇದೆ, ದೇಶದ ಬೊಕ್ಕಸದಲ್ಲಿ ಡಾಲರ್ ಇಲ್ಲ. ತಯಾರಕನಿಗೆ ಅಮೆರಿಕದ ಸರ್ಕಾರ ಡಾಲರ್ ಕೊಡುತ್ತಿತ್ತು. ರೈತ ಮಾತ್ರ ಟ್ರ್ಯಾಕ್ಟರಿನ ಬೆಲೆಯನ್ನು ಫ್ರಾಂಕ್‌ನಲ್ಲೇ ತೆರಬೇಕಿತ್ತು. ಆ ಫ್ರಾಂಕ್ ಅಮೆರಿಕಕ್ಕೆ ಹೋಗದೆ ಫ್ರಾನ್ಸಿನಲ್ಲೇ ಒಂದು ಪ್ರತ್ಯೇಕ ನಿಧಿಗೆ ಜಮೆಯಾಗಿ, ಅಮೆರಿಕದ ಒಪ್ಪಿಗೆಯೊಂದಿಗೆ ರೈಲು, ವಿದ್ಯುತ್ತಿನಂಥ ಕಾಮಗಾರಿಗಳಿಗೆ ಬಳಕೆಯಾಗುತ್ತಿತ್ತು. ಒಂದೇ ನೆರವು ಹೀಗೆ ಎರಡು ಸಲ ದುಡಿಯಿತು. ಒಂದೇ ಕಂತಿನಲ್ಲಿ ಬಿಡುಗಡೆಯಾಗಿ ಖರ್ಚಾಗಿ ಹೋಗುವ ಹಣಕ್ಕೆ ಈ ಹೆಸರು ಹೊಂದುವುದಿಲ್ಲ. ಜರ್ಮನಿಯಲ್ಲಂತೂ ಆ ನಿಧಿ ಸಾಲವಾಗಿ ಹೊರಟು ಮರುಪಾವತಿಯಾಗಿ ಬಂದು, ಇಂದಿಗೂ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸಾಲ ಒದಗಿಸುತ್ತಿದೆ.