ಕರುಳಿನ ನರಜಾಲ: ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ?

ಕಲಬುರಗಿಗೆ ಓದಲು ಬಂದ ಮೊದಲ ವರ್ಷ. ಒಂದು ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತಿದ್ದೆ. ಆಗ ತಾನೇ ಆಡು ಕೊಯ್ದು, ಕರುಳು ತೆಗೆದು ಬುಟ್ಟಿಗೆ ಹಾಕಿದ್ದರು. ಅದು ಬುಟ್ಟಿಯಲ್ಲೇ ನಿಧಾನವಾಗಿ ಹೊರಳಾಡುತ್ತಿತ್ತು. ಒಂದು ಕಡೆ ಹಿಂಡಿದಂತೆ ಸಣ್ಣಗಾಗುವುದು, ಪಕ್ಕದಲ್ಲಿ ಉಬ್ಬುವುದು. "ಚಾಚಾ, ಇದಕ್ಕ ಇನ್ನಾ ಜೀವ ಅದ ಏನ್ರಿ?" ಅಂತ ಕೇಳಿದೆ. ಅವರು ಕತ್ತಿ ಒರೆಸುತ್ತಾ, "ಆಡು ಸತ್ತದ ತಮ್ಮಾ. ಕರುಳಿಗಿ ಇನ್ನಾ ಗೊತ್ತಾಗಿಲ್ಲ" ಅಂದರು.

ಎಂಟೆರಿಕ್ ನರ್ವಸ್ ಸಿಸ್ಟಮ್, ಅಂದರೆ ಕರುಳಿನ ಸ್ವಂತ ನರಜಾಲದ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆ ಪೀಠಿಕೆ ನನಗೆ ಇನ್ನೂ ಸಿಕ್ಕಿಲ್ಲ. ಮೆದುಳಿನ ಸಂಪರ್ಕ ಕಡಿದ ಮೇಲೂ ಕರುಳು ಸ್ವಲ್ಪ ಹೊತ್ತು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ನರಗಳು ಅದರ ಗೋಡೆಯಲ್ಲೇ ಇವೆ.

ರಚನೆ ಬೇಗ ಮುಗಿಸೋಣ, ಪುಸ್ತಕದಲ್ಲಿ ಚಿತ್ರ ಇದ್ದೇ ಇದೆ. ಗೋಡೆಯಲ್ಲಿ ಎರಡು ಜಾಲ. ಹೊರಗಿನ ಉದ್ದ ಸ್ನಾಯು ಮತ್ತು ಒಳಗಿನ ಸುತ್ತು ಸ್ನಾಯುವಿನ ನಡುವೆ ಇರುವುದು ಮೈಯೆಂಟೆರಿಕ್ ಪ್ಲೆಕ್ಸಸ್, ಅದನ್ನು ವಿವರಿಸಿದ ಔಯರ್‌ಬಾಖ್ ಹೆಸರಿನದು. ಕರುಳಿನ ಚಲನೆ ಮುಖ್ಯವಾಗಿ ಅದರ ಕೆಲಸ. ಒಳಪೊರೆಯ ಕೆಳಗೆ ಇರುವುದು ಸಬ್‌ಮ್ಯೂಕೋಸಲ್ ಪ್ಲೆಕ್ಸಸ್, ಮೈಸ್ನರ್ 1857ರಲ್ಲಿ ವಿವರಿಸಿದ್ದು. ರಸ ಸುರಿಸುವುದು, ರಕ್ತದ ಹರಿವು ಅದರ ಪಾಲು. ಒಟ್ಟು ನರಕೋಶಗಳು 10 ಕೋಟಿಗೂ ಜಾಸ್ತಿ ಅಂತ ಲೆಕ್ಕ. ಜೊತೆಗೆ ಕಹಾಲ್‌ನ ಇಂಟರ್‌ಸ್ಟೀಷಿಯಲ್ ಕೋಶಗಳಿವೆ. ಇವು ನರಕೋಶಗಳಲ್ಲ, ಸ್ನಾಯುವಿನ ಹಿಂಡುವಿಕೆಗೆ ತಾಳ ಹಾಕುವವು. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಸಲ, ಸಣ್ಣ ಕರುಳಿನ ಮೊದಲ ಭಾಗವಾದ ಡ್ಯೂಡೆನಮ್‌ನಲ್ಲಿ ಸುಮಾರು 12 ಸಲ. ಬುಟ್ಟಿಯಲ್ಲಿ ನಾನು ಕಂಡ ಹೊರಳಾಟದಲ್ಲಿ ನರದ ಪಾಲೆಷ್ಟು, ಈ ತಾಳದ ಪಾಲೆಷ್ಟು ಅಂತ ಕಣ್ಣಳತೆಯಲ್ಲಿ ಹೇಳಲಾಗದು.

ಈಗ ಮುಖ್ಯ ಪ್ರಯೋಗ. 1899ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿ, ಒಳಗೆ ಒಂದು ಉಂಡೆ ಇಟ್ಟು ನೋಡಿದರು. ಉಂಡೆಯ ಹಿಂದೆ ಕರುಳು ಬಿಗಿಯಾಯಿತು, ಮುಂದೆ ಸಡಿಲವಾಯಿತು. ಉಂಡೆ ಮುಂದಕ್ಕೆ ಹೋಯಿತು. ಇದೇ 'ಕರುಳಿನ ನಿಯಮ'. ಹಿಂದೆ ಬಿಗಿ, ಮುಂದೆ ಸಡಿಲ. ಪರೀಕ್ಷೆಯಲ್ಲಿ ಎಲ್ಲರೂ ಬಿಗಿಯಾಗುವುದನ್ನು ಬರೆದು ಸಡಿಲವಾಗುವುದನ್ನು ಮರೆಯುತ್ತಾರೆ. ಮುಂದಿನ ಬಾಗಿಲು ತೆರೆಯದೆ ಹಿಂದಿನಿಂದ ಎಷ್ಟು ನೂಕಿದರೇನು ಬಂತು?

ಇನ್ನು ನಾನು ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಸಿಕ್ಕಿಬಿದ್ದ ಪ್ರಶ್ನೆ. "ಆರೋಗ್ಯವಂತ ವಯಸ್ಕರಲ್ಲಿ ಈ ನರಜಾಲವನ್ನು ಹೇಗೆ ನೋಡ್ತೀಯಾ?" ನಾನು ಧೈರ್ಯವಾಗಿ "ಎಂಡೋಸ್ಕೋಪಿ ಬಯಾಪ್ಸಿ ಸರ್" ಅಂದೆ. ಪರೀಕ್ಷಕರು ನಕ್ಕರು, ಅಷ್ಟೇ. ತಪ್ಪೇನೆಂದರೆ, ಎಂಡೋಸ್ಕೋಪಿಯ ಚಿಮಟಕ್ಕೆ ಸಿಗುವುದು ಒಳಪೊರೆಯ ಚೂರು, ಹೆಚ್ಚೆಂದರೆ ಅದರ ಕೆಳಗಿನ ಸ್ವಲ್ಪ ಭಾಗ. ಮೈಯೆಂಟೆರಿಕ್ ಪ್ಲೆಕ್ಸಸ್ ಇರುವುದು ಸ್ನಾಯುಗಳ ನಡುವೆ. ಅಲ್ಲಿವರೆಗೆ ಹೋಗಬೇಕೆಂದರೆ ಗೋಡೆಯ ಪೂರ್ತಿ ದಪ್ಪ ಕತ್ತರಿಸಬೇಕು. ಅದು ಆಪರೇಷನ್. ಚೆನ್ನಾಗಿರುವವನ ಹೊಟ್ಟೆ ಸುಮ್ನೆ ಕೊಯ್ಯಲು ಯಾರು ಒಪ್ಪುತ್ತಾರೆ? ಹಾಗಾಗಿ ಆರೋಗ್ಯವಂತರಲ್ಲಿ ನರವನ್ನಲ್ಲ, ನರ ಮಾಡಿಸುವ ಕೆಲಸವನ್ನು ಅಳೆಯುತ್ತೇವೆ. ಒತ್ತಡ ಎಷ್ಟು, ಸಮಯ ಎಷ್ಟು, ಕೆಣಕಿದರೆ ಪ್ರತಿಕ್ರಿಯೆ ಏನು, ಇವಿಷ್ಟೇ ನಮ್ಮ ಕೈಲಿರುವುದು.

ಇದರಲ್ಲಿ ನರಜಾಲಕ್ಕೆ ತುಂಬ ಹತ್ತಿರ ಹೋಗುವುದು, ನನ್ನ ಪ್ರಕಾರ, ಗುದದ್ವಾರದ ಮ್ಯಾನೋಮೆಟ್ರಿ, ಅಂದರೆ ಒತ್ತಡ ಅಳೆಯುವ ಪರೀಕ್ಷೆ. ಕೇಳಲು ಮುಜುಗರ, ಆದರೆ ಪಾಠ ಬಂಗಾರ. ರೆಕ್ಟಮ್‌ನಲ್ಲಿ (ಗುದದ್ವಾರದ ಮೇಲಿನ, ಕರುಳಿನ ಕೊನೆಯ ಭಾಗ) ಸಣ್ಣ ಬಲೂನ್ ಇಟ್ಟು ಗಾಳಿ ತುಂಬುತ್ತಾರೆ. ಆರೋಗ್ಯವಂತರಲ್ಲಿ ಒಳಗಿನ ಸ್ಫಿಂಕ್ಟರ್ (ದ್ವಾರ ಬಿಗಿಹಿಡಿಯುವ ಉಂಗುರ ಸ್ನಾಯು) ತಾನಾಗಿ ಸಡಿಲವಾಗಿ, ಒತ್ತಡದ ಗೆರೆ ಕೆಳಗಿಳಿಯುತ್ತದೆ. ಬೆನ್ನುಹುರಿಗೆ ಪೆಟ್ಟು ಬಿದ್ದವರಲ್ಲೂ ಇದು ಉಳಿಯುತ್ತದೆ, ಯಾಕೆಂದರೆ ಈ ರಿಫ್ಲೆಕ್ಸ್‌ನ ದಾರಿ ಗೋಡೆಯೊಳಗೇ ಇದೆ. ಆದರೆ ಹುಟ್ಟಿನಿಂದಲೇ ಬರುವ ಹಿರ್ಷ್‌ಸ್ಪ್ರಂಗ್ ಕಾಯಿಲೆಯಲ್ಲಿ ಇದು ಕಾಣುವುದಿಲ್ಲ. ಆ ಮಕ್ಕಳಿಗೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಗರ್ಭದಲ್ಲಿ ನರಕೋಶಗಳಾಗುವ ಜೀವಕೋಶಗಳು ಮೇಲಿನಿಂದ ಕೆಳಕ್ಕೆ ನಡೆದು ಬರುವಾಗ ಅಲ್ಲಿಗೆ ಮುಟ್ಟಿರುವುದಿಲ್ಲ. ಸುಮಾರು 5,000 ಹೆರಿಗೆಗೆ ಒಂದು ಮಗು. ಹುಟ್ಟಿ ಎರಡು ದಿನವಾದರೂ ಮೊದಲ ಕಪ್ಪು ಮಲ ಹೋಗದಿದ್ದರೆ ಡಾಕ್ಟರಿಗೆ ಅನುಮಾನ ಬರಬೇಕು.

ಸಮಯ ಅಳೆಯುವ ಪರೀಕ್ಷೆಗಳಿಗೆ 'ನಾರ್ಮಲ್' ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಳ್ಳಿ. ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಅನ್ನುವ ಮಿತಿ ಅಮೆರಿಕ, ಕೆನಡಾ ಮತ್ತು ಯುರೋಪಿನ 123 ಆರೋಗ್ಯವಂತರ ಮೇಲೆ ನಡೆದ ಅಧ್ಯಯನದಿಂದ ಬಂದದ್ದು, 2000ದಲ್ಲಿ ಪ್ರಕಟವಾಯಿತು. ಊಟ ಏನು? ಮೊಟ್ಟೆಯ ಬಿಳಿಭಾಗದಂಥ ಪದಾರ್ಥ, ಎರಡು ಬ್ರೆಡ್, ಜಾಮ್, ನೀರು. ಎರಡು ಗಂಟೆಗೆ ಶೇ. 60ಕ್ಕಿಂತ ಜಾಸ್ತಿ, ನಾಲ್ಕು ಗಂಟೆಗೆ ಶೇ. 10ಕ್ಕಿಂತ ಜಾಸ್ತಿ ಉಳಿದರೆ ತಡ ಅಂತ ಲೆಕ್ಕ. ಮೂರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದವನಿಗೆ ಈ ಅಂಕಿ ಹಚ್ಚುವಂತಿಲ್ಲ. ಅದೇ ಊಟ ಕೊಟ್ಟರೆ ಮಾತ್ರ ಅದೇ ಮಿತಿ. ದೊಡ್ಡ ಕರುಳಿನದೂ ಇದೇ ಕಥೆ. ಪಶ್ಚಿಮದಲ್ಲಿ ಎಕ್ಸ್‌ರೇಯಲ್ಲಿ ಕಾಣುವ 24 ಉಂಗುರಗಳ ಕ್ಯಾಪ್ಸೂಲ್ ನುಂಗಿಸಿ 5ನೇ ದಿನ ಚಿತ್ರ ತೆಗೆದು ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ. ನಮ್ಮವರ ಕರುಳು ಬೇಗ ಸಾಗಿಸುತ್ತದೆ, ಆ ಹೊತ್ತಿಗೆ ಎಲ್ಲ ಖಾಲಿ. ಅದಕ್ಕೇ ಲಖನೌದ ಸಂಶೋಧಕರು 36 ಮತ್ತು 60 ಗಂಟೆಗೇ ಎಕ್ಸ್‌ರೇ ತೆಗೆಯುವ ಕ್ರಮ ಮಾಡಿಕೊಂಡರು.

ಯಾರನ್ನು 'ಆರೋಗ್ಯವಂತ' ಅಂತ ಸೇರಿಸಿಕೊಳ್ಳಬೇಕು ಅನ್ನುವುದೂ ಸುಲಭವಲ್ಲ. ಹೊಟ್ಟೆ ಆಪರೇಷನ್ ಆಗಿರಬಾರದು, ಸಕ್ಕರೆ ಕಾಯಿಲೆ ಇರಬಾರದು. ಮಾತ್ರೆಗಳನ್ನೂ ಕೆದಕಿ ಕೇಳಬೇಕು. ಭೇದಿ ನಿಲ್ಲಲು ನುಂಗುವ ಲೋಪೆರಮೈಡ್ ನೇರ ಮೈಯೆಂಟೆರಿಕ್ ಪ್ಲೆಕ್ಸಸ್‌ನ ಓಪಿಯಾಯ್ಡ್ ರಿಸೆಪ್ಟರ್‌ಗಳ (ಅಫೀಮಿನಂಥ ಪದಾರ್ಥ ಅಂಟಿಕೊಳ್ಳುವ ತಾಣ) ಮೇಲೇ ಕೆಲಸ ಮಾಡುತ್ತದೆ. ನಿನ್ನೆ ಅದನ್ನು ನುಂಗಿದವನ ಕರುಳು ಇವತ್ತು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇದನ್ನೆಲ್ಲ ಓದಿ, ಹಾಸ್ಟೆಲಿನ ನಾವು ಮೂವರು ಒಂದು ಪ್ರಯೋಗ ಮಾಡಿದೆವು. ಎಳ್ಳು ಬಹಳ ಸಲ ಅರಗದೆ ಇಡಿಯಾಗೇ ಹೊರಬರುತ್ತದೆ, ಅಲ್ವಾ? ಎಳ್ಳ ಅಮಾವಾಸ್ಯೆಗೆ ಗೆಳೆಯನ ಹೊಲಕ್ಕೆ ಹೋದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಊಟ. ಕೂತ ಗಂಟೆ ಬರೆದಿಟ್ಟುಕೊಂಡೆವು. ಮೊದಲ ಎಳ್ಳು ಕಂಡದ್ದು ನನಗೆ 26 ಗಂಟೆಗೆ, ಇನ್ನೊಬ್ಬನಿಗೆ 19 ಗಂಟೆಗೆ. ಇದು ಬಾಯಿಂದ ಕೊನೆವರೆಗಿನ ಒಟ್ಟು ಸಮಯ. ನರ, ಸ್ನಾಯು, ಹಾರ್ಮೋನ್, ನಾರು, ನೀರು ಎಲ್ಲ ಇದರಲ್ಲಿ ಬೆರೆತಿವೆ. ನರಜಾಲದ ಪಾಲನ್ನು ಬೇರೆ ಮಾಡಲು ಆಗುವುದಿಲ್ಲ. ಹಬ್ಬದೂಟ ಬೇರೆ, ದಿನಕ್ಕಿಂತ ಎರಡು ಪಟ್ಟು.

ಮೂರನೆಯವನ ಲೆಕ್ಕ ಮಾತ್ರ ಪೂರ್ತಿ ಕೆಟ್ಟಿತು. ಊಟ ಮಾಡಿ ಮೂರೇ ಗಂಟೆಗೆ ಎಳ್ಳು ಕಂಡಿತಂತೆ. ನಾವು ದಂಗಾದೆವು. ಆಮೇಲೆ ಕೇಳಿದರೆ, ಆ ವಾರವೆಲ್ಲ ಅವನು ತಿಂದದ್ದು ಚಿಂಚೋಳಿಯಿಂದ ಅವರವ್ವ ಕಟ್ಟಿ ಕಳಿಸಿದ ಸಜ್ಜಿ ರೊಟ್ಟಿ. ಚಳಿಗಾಲ, ಪ್ರತಿ ರೊಟ್ಟಿಗೂ ಎಳ್ಳು. ಮೊದಲು ನಾಲ್ಕೈದು ದಿನ ಎಳ್ಳು ಬಿಟ್ಟಿರಬೇಕು ಅಂತ ನಮಗೆ ಹೊಳೆದಿರಲೇ ಇಲ್ಲ. ಈಗ ಮತ್ತೊಮ್ಮೆ ಮಾಡುತ್ತಿದ್ದೇವೆ. "ಒಂದು ವಾರ ಎಳ್ಳಿಲ್ಲದ ರೊಟ್ಟಿ ಕಳಿಸವ್ವಾ" ಅಂತ ಫೋನ್ ಮಾಡಿ ಹೇಳಿದ್ದಾನೆ. ಯಾಕೆ ಅಂತ ಮಾತ್ರ ಹೇಳಿಲ್ಲ.