ನೆಗೆಟಿವ್ ಎಲ್ಲೈತಿ?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ನೋಟ್ಸಿನ ಝೆರಾಕ್ಸಿನಿಂದ ಮತ್ತೊಂದು ಝೆರಾಕ್ಸ್ ತೆಗೆಸಿದರೆ ಒತ್ತಕ್ಷರಗಳು ಮಸುಕಾಗುತ್ತವೆ. ಅದರಿಂದ ಇನ್ನೊಂದು ತೆಗೆಸಿದರೆ ದೀರ್ಘವೂ ಹೋಗುತ್ತದೆ. ಮಷಿನ್ ಎಷ್ಟೇ ಹೊಸದಿರಲಿ, ಅಂಗಡಿಯವ ಕಪ್ಪು ಎಷ್ಟೇ ಏರಿಸಲಿ, ಹೋದ ಒತ್ತು ತಿರುಗಿ ಬರುವುದಿಲ್ಲ. ಬರೆದವನ ವಹಿಯನ್ನೇ ಹುಡುಕಿ ತರಬೇಕು.

ಅದೇ ಹುಡುಗರು ರಾತ್ರಿ ಲ್ಯಾಪ್‌ಟಾಪಿನ ಮುಂದೆ ಕೂತು ಹಳೆಯ ವೈಜ್ಞಾನಿಕ ಧಾರಾವಾಹಿಗಳ ಎಚ್‌ಡಿ ಆವೃತ್ತಿಯ ಬಗ್ಗೆ ವಾದಕ್ಕೆ ಇಳಿದಾಗ ಮಾತ್ರ ಈ ಬುದ್ಧಿ ಮರೆತುಹೋಗುತ್ತದೆ. ‘ಹೊಸಾದು ಭಾಳ ಶಾರ್ಪ್ ಐತಿ ಲೇ.’ ‘ಶಾರ್ಪ್ ಐತಿ ಖರೆ, ಮಾರಿ ಮೇಣದ ಗೊಂಬಿಗತೆ ಕಾಣ್ತಾವಲ್ಲೋ!’ ಇಬ್ಬರ ಮಾತೂ ನಿಜವೇ ಇರಬಹುದು. ಒಬ್ಬ ನೋಡಿದ್ದು ಫಿಲ್ಮಿನ ನೆಗೆಟಿವ್‌ನಿಂದ, ಅಂದರೆ ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮಿನಿಂದಲೇ ತೆಗೆದ ಚಿತ್ರ, ಇನ್ನೊಬ್ಬ ನೋಡಿದ್ದು ಡಿವಿಡಿಯನ್ನು ಹಿಗ್ಗಿಸಿ ಉಜ್ಜಿದ ಚಿತ್ರ. ಎರಡಕ್ಕೂ ‘ರಿಮಾಸ್ಟರ್’ ಎಂಬ ಒಂದೇ ಹೆಸರು ಅಂಟಿಸಿದ್ದರಿಂದ ಜಗಳ ಮುಗಿಯುವುದಿಲ್ಲ.

1966ರಿಂದ 1969ರವರೆಗೆ ಅಮೆರಿಕದಲ್ಲಿ ಬಂದ, ಬಾಹ್ಯಾಕಾಶ ನೌಕೆಯೊಂದರ ಕಥೆಯ ಮೊದಲ ‘ಸ್ಟಾರ್ ಟ್ರೆಕ್’ ಸರಣಿಯನ್ನೇ ನೋಡಿ. 79 ಕಂತುಗಳನ್ನೂ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರಿಸಿದ್ದರು. ಎಡಿಟಿಂಗ್ ಕೂಡ ಫಿಲ್ಮಿನ ಮೇಲೇ, ಕತ್ತರಿಸಿ ಅಂಟಿಸಿ. ಡಿಜಿಟಲ್ ಬರುವ ತನಕ ಹುಬ್ಬಳ್ಳಿಯ ಟಾಕೀಸುಗಳಲ್ಲಿ ಓಡಿದ್ದೂ ಇದೇ ಅಗಲದ ಫಿಲ್ಮು. ಸುಮಾರು 22 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ಎತ್ತರದ ಒಂದು ಚೌಕಟ್ಟು ಬಾಲ್ಕನಿಯ ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು ಎಂದಮೇಲೆ, ಅದರಲ್ಲಿ ಎಷ್ಟು ವಿವರ ಅಡಗಿದೆ ಎಂದು ಊಹಿಸಬಹುದು. ಅಂದಿನ ಅಮೆರಿಕದ ಟಿವಿ ಅದರಲ್ಲಿ ಸುಮಾರು 480 ಅಡ್ಡ ಗೆರೆಯಷ್ಟನ್ನು ಮಾತ್ರ ತೋರಿಸುತ್ತಿತ್ತು. ಉಳಿದದ್ದು ಡಬ್ಬಿಯಲ್ಲೇ ಇತ್ತು. ಆದ್ದರಿಂದ ಈ ಸರಣಿಯನ್ನು ಎಚ್‌ಡಿಗೆ ತರುವಾಗ ಮುಖ್ಯ ಕೆಲಸವೆಂದರೆ ಫಿಲ್ಮನ್ನು ತೊಳೆದು, ಸ್ಕ್ಯಾನ್ ಮಾಡಿ, ಕಲೆ ಗೀರು ತೆಗೆಯುವುದು.

ಗೀರು ತೆಗೆಯಲು ಒಂದು ಹಳೆಯ ಉಪಾಯವಿದೆ. ಬೆಳಕನ್ನು ಹೆಚ್ಚುಕಡಿಮೆ ಫಿಲ್ಮಿನಷ್ಟೇ ಬಾಗಿಸುವ ದ್ರವದಲ್ಲಿ ಅದ್ದಿಕೊಂಡೇ ಸ್ಕ್ಯಾನ್ ಮಾಡಿದರೆ ದ್ರವ ಗೀರಿನೊಳಗೆ ತುಂಬಿಕೊಳ್ಳುತ್ತದೆ, ಬೆಳಕು ಅಲ್ಲಿ ಚದುರುವುದಿಲ್ಲ, ಗೀರು ಕಾಣುವುದೇ ಇಲ್ಲ. ಧೂಳಿಗೆ ಬೇರೆ ಮದ್ದು. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಅವಗೆಂಪು (ಇನ್‌ಫ್ರಾರೆಡ್) ಬೆಳಕು ಸಲೀಸಾಗಿ ಹಾಯುತ್ತದೆ, ಧೂಳಿನ ಮೂಲಕ ಹಾಯುವುದಿಲ್ಲ. ಅವಗೆಂಪಿನಲ್ಲಿ ಒಂದು ಸಲ ಸ್ಕ್ಯಾನ್ ಮಾಡಿದರೆ ಧೂಳಿನ ನಕಾಶೆಯೇ ಸಿಗುತ್ತದೆ.

ಆದರೆ 2006ರಲ್ಲಿ, ಸರಣಿಗೆ 40 ತುಂಬಿದಾಗ, ಇಷ್ಟಕ್ಕೇ ನಿಲ್ಲಿಸಲಿಲ್ಲ. ಬಾಹ್ಯಾಕಾಶದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಕಾರಣ ಬರೀ ಶೋಕಿಯಲ್ಲ. ಆ ಕಾಲದಲ್ಲಿ ನೌಕೆಯ ಮಾದರಿ ಒಂದು ಫಿಲ್ಮಿನಲ್ಲಿ, ನಕ್ಷತ್ರಗಳು ಇನ್ನೊಂದರಲ್ಲಿ, ಗ್ರಹ ಮತ್ತೊಂದರಲ್ಲಿ ಇರುತ್ತಿದ್ದವು. ಆಪ್ಟಿಕಲ್ ಪ್ರಿಂಟರ್ ಎಂಬ, ಫಿಲ್ಮಿನಿಂದ ಫಿಲ್ಮಿಗೆ ನಕಲು ತೆಗೆಯುವ ಯಂತ್ರದಲ್ಲಿ ಇವನ್ನೆಲ್ಲ ಮೂರನೆಯ, ನಾಲ್ಕನೆಯ ಫಿಲ್ಮಿಗೆ ಇಳಿಸುತ್ತಿದ್ದರು. ಇಳಿಸಿದಷ್ಟೂ ಸಲ ಗ್ರೇನ್, ಅಂದರೆ ಫಿಲ್ಮಿನ ರವೆಯಂಥ ಕಣ, ದಪ್ಪವಾಗುತ್ತದೆ, ಕಸ ಸೇರುತ್ತದೆ, ನೌಕೆಯ ಅಂಚಿಗೆ ಕಪ್ಪು ಗೆರೆ ಮೂಡುತ್ತದೆ. ನಕಲಿನ ಲೆಕ್ಕದಲ್ಲಿ ಮಾತಿನ ದೃಶ್ಯ ಮೊದಲ ತಲೆಮಾರು, ನೌಕೆಯ ದೃಶ್ಯ ಮೂರನೆಯ ತಲೆಮಾರು. ಎಚ್‌ಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದರೂ ಹಳೆಯ ಅಭಿಮಾನಿಗಳು ಸಿಟ್ಟಾದದ್ದು ಸರಿಯೇ. ಆ 11 ಅಡಿಯ ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದನ್ನು ದೀಪದ ಕೆಳಗೆ ಹೇಗೆ ಚಿತ್ರಿಸಿದರು ಎಂಬುದೂ ಚರಿತ್ರೆಯೇ. 2009ರ ಬ್ಲೂ-ರೇಯಲ್ಲಿ ಇದಕ್ಕೊಂದು ಒಳ್ಳೆಯ ಪರಿಹಾರ ಬಂತು. ಹಳೆಯ ಎಫೆಕ್ಟು, ಹೊಸ ಎಫೆಕ್ಟು ಎರಡೂ ಒಂದೇ ಡಿಸ್ಕಿನಲ್ಲಿದ್ದು, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಹಳೆಯ ಗುಡಿಗಳ ಜೀರ್ಣೋದ್ಧಾರದಲ್ಲಿ ಬಿದ್ದ ಕಲ್ಲಿನ ಜಾಗಕ್ಕೆ ಕೆತ್ತನೆಯಿಲ್ಲದ ಬೋಳು ಕಲ್ಲು ಕೂರಿಸಿರುವುದನ್ನು ಕಂಡಿರುತ್ತೀರಿ. ಹೊಸದು ಯಾವುದು, ಹಳೆಯದು ಯಾವುದು ಎಂದು ನೋಡಿದವನಿಗೆ ಗೊತ್ತಾಗಲಿ ಎಂಬುದೇ ಅದರ ಉದ್ದೇಶ. ಹಳೆಯ ಕಟ್ಟಡಗಳ ಸಂರಕ್ಷಣೆಗೆಂದು ಮಾಡಿದ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ. ರಿಮಾಸ್ಟರಿಗೂ ಈ ನಿಯಮ ಒಪ್ಪುತ್ತದೆ.

ಇನ್ನು ನಿಜವಾದ ಗಂಟು. 1987ರಿಂದ 1994ರವರೆಗೆ ಬಂದ ಮುಂದಿನ ಸ್ಟಾರ್ ಟ್ರೆಕ್ ಸರಣಿ ‘ದಿ ನೆಕ್ಸ್ಟ್ ಜನರೇಶನ್’ ಇಪ್ಪತ್ತು ವರ್ಷ ಹೊಸದು. ಆದರೂ ಡಿವಿಡಿಯಲ್ಲಿ ಮೊದಲ ಸರಣಿಗಿಂತ ಮಸುಕು! ಚಿತ್ರಿಸಿದ್ದು 35 ಮಿಲಿಮೀಟರ್ ಫಿಲ್ಮಿನಲ್ಲೇ. ಆದರೆ ಖರ್ಚು ಮತ್ತು ಸಮಯ ಉಳಿಸಲು ಫಿಲ್ಮನ್ನು ವಿಡಿಯೋ ಟೇಪಿಗೆ ಇಳಿಸಿ, ಎಡಿಟಿಂಗ್ ಮತ್ತು ಎಫೆಕ್ಟುಗಳ ಜೋಡಣೆಯನ್ನೆಲ್ಲ ಟೇಪಿನಲ್ಲಿ ಮಾಡಿದ್ದರು. ಕಂತು ಪೂರ್ತಿ ರೂಪದಲ್ಲಿ ಇದ್ದದ್ದು 480 ಗೆರೆಯ ಟೇಪಿನಲ್ಲಿ ಮಾತ್ರ. ಆ ಕಂತಿನ ಎಡಿಟಾದ ಫಿಲ್ಮು ಎಂಬುದೇ ಜಗತ್ತಿನಲ್ಲಿ ಇರಲಿಲ್ಲ.

ಟೇಪಿಗೆ ಇಳಿಸುವಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಬೆಟಗೇರಿಯ ಮಗ್ಗದಲ್ಲಿ ಸಾದಾ ನೇಯ್ಗೆ ನೋಡಿದವರಿಗೆ ಇದು ಸುಲಭ. ಹಾಸಿನ ಬೆಸ ಎಳೆಗಳು ಒಂದು ಸಲ ಏಳುತ್ತವೆ, ಸಮ ಎಳೆಗಳು ಇನ್ನೊಂದು ಸಲ. ಹಳೆಯ ಟಿವಿಯೂ ಹಾಗೆಯೇ, ಬೆಸ ಗೆರೆಗಳನ್ನು ಒಂದು ಸಲ, ಸಮ ಗೆರೆಗಳನ್ನು ಮುಂದಿನ ಸಲ ಬರೆಯುತ್ತಿತ್ತು. ಈ ಅರ್ಧ ಚಿತ್ರಕ್ಕೆ ಫೀಲ್ಡ್ ಎನ್ನುತ್ತಾರೆ. ಅಮೆರಿಕದಲ್ಲಿ ಸೆಕೆಂಡಿಗೆ ಲೆಕ್ಕಕ್ಕೆ 60 ಫೀಲ್ಡ್, ನಿಖರವಾಗಿ 59.94. ಫಿಲ್ಮಿನಲ್ಲೋ ಸೆಕೆಂಡಿಗೆ 24 ಚಿತ್ರ. 24ನ್ನು 60ಕ್ಕೆ ಹೊಂದಿಸುವುದು ಹೇಗೆ?

ಫಿಲ್ಮಿನ ನಾಲ್ಕು ಚಿತ್ರಗಳನ್ನು ಅ, ಆ, ಇ, ಈ ಎನ್ನೋಣ. ‘ಅ’ ಎರಡು ಫೀಲ್ಡ್ ತೆಗೆದುಕೊಳ್ಳುತ್ತದೆ, ‘ಆ’ ಮೂರು, ‘ಇ’ ಎರಡು, ‘ಈ’ ಮೂರು. ಒಟ್ಟು ಹತ್ತು ಫೀಲ್ಡ್, ಅಂದರೆ ಐದು ವಿಡಿಯೋ ಚಿತ್ರ. ಜೋಡಿಸಿ ನೋಡಿ: ಅಅ, ಆಆ, ಆಇ, ಇಈ, ಈಈ. ಐದರಲ್ಲಿ ಮೂರು ಶುದ್ಧ, ನಡುವಿನ ಎರಡು ಕಲಬೆರಕೆ. ಆ ಎರಡರಲ್ಲಿ ಓಡುವ ಮನುಷ್ಯನ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಈ ಕ್ರಮ ತಪ್ಪದೆ ನಡೆದಿದ್ದರೆ ಅದನ್ನು ತಿರುವಿ 24 ಚಿತ್ರಗಳನ್ನು ಹೊರತೆಗೆಯಬಹುದಿತ್ತು. ಆದರೆ ಎಡಿಟರ್ ಟೇಪಿನಲ್ಲಿ ಕತ್ತರಿಸುವಾಗ ಈ ಎರಡು-ಮೂರರ ತಾಳ ನೋಡುವುದಿಲ್ಲ. ಪ್ರತಿ ಕಟ್‌ನಲ್ಲೂ ತಾಳ ತಪ್ಪಬಹುದು. ಅದರ ಮೇಲೆ ವಿಡಿಯೋದಲ್ಲೇ ಹುಟ್ಟಿದ ಎಫೆಕ್ಟುಗಳು ಪೂರ್ತಿ 60ರ ಲಯದಲ್ಲಿವೆ. ಒಂದೇ ದೃಶ್ಯದಲ್ಲಿ ನಟ 24ರಲ್ಲಿ, ಅವನ ಕೈಯ ಬಂದೂಕಿನ ಕಿರಣ 60ರಲ್ಲಿ.

ಹಾಗಾಗಿ 2012ರಿಂದ 2014ರ ತನಕ ನಡೆದ ಆ ಸರಣಿಯ ಬ್ಲೂ-ರೇ ಕೆಲಸಕ್ಕೆ ರಿಮಾಸ್ಟರ್ ಎನ್ನುವುದು ಸಣ್ಣ ಹೆಸರಾಯಿತು. ಧಾರಾವಾಹಿಯ ಎಡಿಟಿಂಗನ್ನು ಎರಡನೆಯ ಸಲ ಮಾಡಿದರು ಎನ್ನಬೇಕು. ಒಂದೇ ಪುಣ್ಯವೆಂದರೆ, ಟೇಪಿನಲ್ಲಿ ಎಡಿಟ್ ಮಾಡಿದ್ದರಿಂದ ನೆಗೆಟಿವ್‌ಗೆ ಯಾರೂ ಕತ್ತರಿ ಹಾಕಿರಲಿಲ್ಲ. 25,000ಕ್ಕೂ ಹೆಚ್ಚು ರೀಲುಗಳು ಪೆಟ್ಟಿಗೆಗಳಲ್ಲಿ ಹಾಗೆಯೇ ಇದ್ದವು. 178 ಕಂತಿಗೆ ಹಂಚಿದರೆ ಕಂತೊಂದಕ್ಕೆ ಸರಾಸರಿ 140 ರೀಲು. ಒಂದು ಶಾಟಿಗೆ ಐದಾರು ಟೇಕ್ ಇದ್ದರೆ ಪ್ರಸಾರವಾದ ಟೇಕ್ ಯಾವುದೆಂದು ಹಳೆಯ ಟೇಪಿನೊಂದಿಗೆ ತಾಳೆ ನೋಡಿ ಹಿಡಿಯಬೇಕು. 45 ನಿಮಿಷದ ಕಂತಿನಲ್ಲಿ 64,800 ಚಿತ್ರ. 2ಕೆ ಅಳತೆಯಲ್ಲಿ, ಅಂದರೆ ಸುಮಾರು 2,000 ಚುಕ್ಕೆ ಅಗಲದಲ್ಲಿ, ಒಂದು ಚಿತ್ರಕ್ಕೆ ಸುಮಾರು 12.7 ಮೆಗಾಬೈಟ್ ಎಂದು ಹಿಡಿದರೂ, ಎಡಿಟಾದ ಭಾಗಕ್ಕೇ 800 ಗಿಗಾಬೈಟ್ ಮೀರುತ್ತದೆ. ಬಿಟ್ಟ ಟೇಕುಗಳ ಲೆಕ್ಕ ಬೇರೆ.

ನೌಕೆಯ ಮಾದರಿಯನ್ನು ಕಂಪ್ಯೂಟರ್ ನಿಯಂತ್ರಿತ ಕ್ಯಾಮೆರಾದಿಂದ ಹಲವು ಸಲ ಚಿತ್ರಿಸಿದ್ದರು. ಒಂದು ಸಲ ಮೈ, ಒಂದು ಸಲ ಕಿಟಕಿಯ ದೀಪ, ಒಂದು ಸಲ ಎಂಜಿನ್ನಿನ ಹೊಳಪು, ಒಂದು ಸಲ ಅಂಚು ಕತ್ತರಿಸಲು ಬೇಕಾದ ನೆರಳು. ಅವುಗಳ ನೆಗೆಟಿವ್ ಇದ್ದದ್ದರಿಂದ ಅದೇ ಮಾದರಿಯನ್ನೇ ಮರುಜೋಡಿಸಲು ಬಂತು. ಮೊದಲ ಸರಣಿಗೆ ಮಾಡಿದಂತೆ ಹೊಸ ನೌಕೆ ಕೂರಿಸುವ ಪ್ರಸಂಗ ಬರಲಿಲ್ಲ. ಬಂದೂಕಿನ ಕಿರಣಗಳಂಥ ವಿಡಿಯೋದಲ್ಲೇ ಬರೆದ ಎಫೆಕ್ಟುಗಳಿಗೆ ನೆಗೆಟಿವ್ ಇರಲಿಲ್ಲ. ಅವನ್ನು ಹಳೆಯದಕ್ಕೆ ಹೊಂದುವಂತೆ ಮತ್ತೆ ಮಾಡಿದರು. ಅಲ್ಲೊಂದು ಇಲ್ಲೊಂದು ಶಾಟಿನ ರೀಲು ಸಿಗಲೇ ಇಲ್ಲ. ಅಲ್ಲಿ ಹಳೆಯ ಟೇಪನ್ನೇ ಹಿಗ್ಗಿಸಿ ತುಂಬಿದರು. ನೋಡುತ್ತಿದ್ದಂತೆ ಮಂಜು ಬಿದ್ದ ಹಾಗಾಗಿ, ಮುಂದಿನ ಕಟ್‌ಗೆ ತಿಳಿಯಾಗುತ್ತದೆ.

ಹೆಚ್ಚು ವಿವರ ಬಂದರೆ ಎಲ್ಲವೂ ಛಂದ ಕಾಣುತ್ತದೆ ಎಂದೇನಿಲ್ಲ. ನೌಕೆಯ ಗಾಜಿನ ಫಲಕಗಳಲ್ಲಿ ದೀಪ ಪ್ರತಿಫಲಿಸದಿರಲು ಅಂಟಿಸಿದ್ದ ಕರಿ ಕಾಗದ, ಹೊಡೆದಾಟದಲ್ಲಿ ನಾಯಕನ ಬದಲು ಬಿದ್ದವನ ಮುಖ, ಎಲ್ಲ ಎಚ್‌ಡಿಯಲ್ಲಿ ಬಯಲಾಯಿತು. ಇದಕ್ಕೆ ಸೆಟ್ಟಿನವರನ್ನು ದೂರಬೇಕಿಲ್ಲ. ಅವರು 480 ಗೆರೆಗೆ ಸಾಲುವಷ್ಟು ಕೆಲಸ ಮಾಡಿದ್ದರು.

ಅಗಲದ ಪ್ರಶ್ನೆಯಲ್ಲಿ ನನ್ನ ಪಕ್ಷ ಸ್ಪಷ್ಟ. ಹಳೆಯ ಟಿವಿಯ 4:3ರ (ಅಗಲ 4, ಎತ್ತರ 3) ಚಿತ್ರವನ್ನು ಇಂದಿನ 16:9ರ ಅಗಲದ ಟಿವಿ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದರೆ ಎತ್ತರದ ಕಾಲು ಭಾಗ ಹೋಗುತ್ತದೆ. ಇನ್ನು ಫಿಲ್ಮಿನ ಬದಿಗಳನ್ನು ತೆರೆದರೆ ಲೈಟಿನ ಕಂಬ, ಮೈಕು, ಸೆಟ್ಟಿನ ಅಂಚು ಇಣುಕುತ್ತವೆ. ಕಪ್ಪು ಪಟ್ಟಿ ಇರಲಿ ಬಿಡಿ. ಇದಕ್ಕೆ ಪಾಠವಾಗಿ ‘ಬ್ಯಾಬಿಲಾನ್ 5’ ಇದೆ. 1990ರ ದಶಕದ ಈ ಸರಣಿಯ ನಟರ ದೃಶ್ಯಗಳನ್ನು ಮುಂದೆ ಅಗಲದ ಟಿವಿ ಬರುತ್ತದೆಂದು ಲೆಕ್ಕ ಹಾಕಿಯೇ ಚಿತ್ರಿಸಿದ್ದರು. ಆದರೆ ಕಂಪ್ಯೂಟರ್ ಚಿತ್ರಗಳನ್ನು ಟಿವಿಯ ಸಾಮಾನ್ಯ ಅಳತೆಯಲ್ಲಿ, 4:3ರಲ್ಲಿ ಮಾಡಿದ್ದರು. ಡಿವಿಡಿಯನ್ನು ಅಗಲ ಮಾಡಿದಾಗ ನೌಕೆ ಬಂದ ಕಡೆಯೆಲ್ಲ 480 ಗೆರೆಯಲ್ಲಿ 360 ಮಾತ್ರ ಉಳಿದು, ಅದನ್ನೇ ಎಳೆದು ಹಿಗ್ಗಿಸಿದಂತಾಯಿತು. 2021ರ ರಿಮಾಸ್ಟರಿನಲ್ಲಿ ಮತ್ತೆ 4:3ಕ್ಕೇ ಮರಳಿದರು. ನಟರ ದೃಶ್ಯ ಫಿಲ್ಮಿನಿಂದ ಹೊಸ ಸ್ಕ್ಯಾನ್, ಕಂಪ್ಯೂಟರ್ ದೃಶ್ಯ ಹಿಗ್ಗಿಸಿದ್ದು.

ಬಣ್ಣದ ಜಗಳಕ್ಕೆ ಅಂತ್ಯವಿಲ್ಲ. ಮೊದಲ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ನಿನ ಹಳದಿ ಅಂಗಿ ಅಸಲಿಗೆ ಹಸಿರು ಛಾಯೆಯದು. ಸೆಟ್ಟಿನ ದೀಪ ಮತ್ತು ಫಿಲ್ಮು ಸೇರಿ ಅದನ್ನು ಹಳದಿ ಮಾಡಿದವು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಟ್ಯೂಬ್‌ಲೈಟಿನ ಕೆಳಗೊಂದು, ಬಿಸಿಲಲ್ಲಿ ಇನ್ನೊಂದು ಕಾಣುವುದಿಲ್ಲವೇ? ಹಾಗೆ.

ಆಮೇಲಿನ ಸ್ಟಾರ್ ಟ್ರೆಕ್‌ಗಳಾದ ‘ಡೀಪ್ ಸ್ಪೇಸ್ ನೈನ್’ ಮತ್ತು ‘ವಾಯೇಜರ್’ ಸರಣಿಗಳು ಟೇಪಿನ ದಾರಿಯಲ್ಲೇ ಹುಟ್ಟಿ ಡಿವಿಡಿಯಲ್ಲೇ ಉಳಿದಿವೆ. ಅಭಿಮಾನಿಗಳು ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರಿನಿಂದ ಇವನ್ನು ಹಿಗ್ಗಿಸುತ್ತಾರೆ. ಡಿವಿಡಿಯ ಚಿತ್ರ 720×480, ಅಂದರೆ 3,45,600 ಚುಕ್ಕೆ. 4:3ರ ಎಚ್‌ಡಿ ಚಿತ್ರಕ್ಕೆ 1440×1080, ಅಂದರೆ 15,55,200. ನಾಲ್ಕೂವರೆ ಪಟ್ಟು. ಒಂದು ಚುಕ್ಕೆ ದಾಖಲೆ, ಮೂರೂವರೆ ಚುಕ್ಕೆ ಊಹೆ. ಊಹೆ ಹತ್ತಿರದ ಮುಖದಲ್ಲಿ ಚೆನ್ನಾಗಿಯೇ ಬರುತ್ತದೆ. ದೂರದ ಮುಖ ಮೇಣವಾಗುತ್ತದೆ, ಫಲಕದ ಮೇಲಿನ ಬರಹ ಯಾವ ಲಿಪಿಯೂ ಅಲ್ಲದ ಗೀಚಾಗುತ್ತದೆ. ಹೆಚ್ಚಿನವರು ತಪ್ಪುವುದು ಕ್ರಮದಲ್ಲಿ. ಬಾಚಣಿಗೆ ಗೆರೆ ತೆಗೆಯದೆ ಹಿಗ್ಗಿಸಿದರೆ ಸಾಫ್ಟ್‌ವೇರು ಅದನ್ನೇ ಅಸಲಿ ವಿವರವೆಂದು ತಿಳಿದು ತಿದ್ದಿ ಗಟ್ಟಿ ಮಾಡುತ್ತದೆ. ಮೊದಲು ಎರಡು-ಮೂರರ ತಾಳ ಬಿಡಿಸಿ 24ಕ್ಕೆ ತರಬೇಕು, ವಿಡಿಯೋ ಎಫೆಕ್ಟಿನ ಶಾಟುಗಳನ್ನು ಬೇರೆಯಾಗಿ ಬಿಡಿಸಬೇಕು, ಹಿಗ್ಗಿಸುವುದು ಆಮೇಲೆ.

ನಿಮ್ಮ ಹತ್ತಿರದ ಫೈಲು ಯಾವ ಜಾತಿಯದೆಂದು ತಿಳಿಯಲು ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಸಾಕು. ವಿಡಿಯೋ ಮೆನುವಿನಲ್ಲಿ ಬಾಚಣಿಗೆ ಗೆರೆ ಮರೆಮಾಡುವ ಡೀಇಂಟರ್‌ಲೇಸ್ ಆಫ್ ಮಾಡಿ, ಯಾರಾದರೂ ಅಡ್ಡಡ್ಡ ನಡೆಯುವ ದೃಶ್ಯದಲ್ಲಿ ನಿಲ್ಲಿಸಿ, ಇಂಗ್ಲಿಷಿನ E ಕೀ ಒತ್ತುತ್ತ ಒಂದೊಂದೇ ಚಿತ್ರ ಮುಂದೆ ಹೋಗಿ. ಮೂರು ಶುದ್ಧ, ಎರಡು ಹಲ್ಲುಹಲ್ಲು ಬಂದರೆ ಫಿಲ್ಮಿನಿಂದ ಟೇಪಿಗೆ ಇಳಿದದ್ದು. ಹಲ್ಲಿನ ಬದಲು ಒಬ್ಬ ಮನುಷ್ಯನ ಪಕ್ಕ ಅವನದೇ ಮಸುಕು ದೆವ್ವ ಕಂಡರೆ ಯಾರೋ ಲಯ ಕೆಡಿಸಿ ಪರಿವರ್ತಿಸಿದ್ದಾರೆ, ಅದನ್ನು ಸರಿಮಾಡುವುದು ಕಷ್ಟ. ಟಿವಿಯಲ್ಲಿ ನೋಡುವವರು ಚಲನೆ ನುಣುಪು ಮಾಡುವ ಸೆಟ್ಟಿಂಗನ್ನೂ, ನಾಯ್ಸ್ ರಿಡಕ್ಷನ್ನನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ಗ್ರೇನ್ ಕಂಡರೆ ಹೆದರಬೇಡಿ. ಫಿಲ್ಮಿನ ಚಿತ್ರ ಆದದ್ದೇ ಆ ಬಣ್ಣದ ಕಣಗಳಿಂದ, ಅದನ್ನು ಒರೆಸಿದರೆ ಚರ್ಮದ ರಂಧ್ರವೂ ಒರೆಸಿಹೋಗುತ್ತದೆ.

ಇದೇ ಲೆಕ್ಕ ಮನೆಯ ಅಲಮಾರಿಗೂ ಬರುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ 1990ರ ಸುಮಾರಿನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿದೆ. ನಮ್ಮ ಟಿವಿಯದು ಅಮೆರಿಕದ್ದಕ್ಕಿಂತ ಬೇರೆಯಾದ ಪಾಲ್ ಪದ್ಧತಿ, 576 ಗೆರೆ, ಸೆಕೆಂಡಿಗೆ 50 ಫೀಲ್ಡ್. ಪೆನ್‌ಡ್ರೈವಿಗೆ ಹಾಕಿಸುವಾಗ 720×576, ಸೆಕೆಂಡಿಗೆ 25 ಚಿತ್ರ ಎಂದೇ ಕೇಳಿ. 640×480, 30 ಎಂದು ಮಾಡಿಕೊಟ್ಟರೆ ವಧೂವರರು ಸಪ್ತಪದಿ ತುಳಿಯುವಾಗ ಸೆಕೆಂಡಿಗೆ ಐದು ಸಲ ಮುಗ್ಗರಿಸುತ್ತಾರೆ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಹೂವು, ಹೃದಯ ಹಾರಿಸಿ ಮಿಕ್ಸಿಂಗ್ ಮಾಡಿದ ಕ್ಯಾಸೆಟ್ ಎರಡನೆಯ ತಲೆಮಾರು. ಬೀಗರಿಗೆ ಕೊಟ್ಟ ಪ್ರತಿ ಮೂರನೆಯದು. ಕ್ಯಾಮೆರಾದ ಮೂಲ ಟೇಪ್ ಸ್ಟುಡಿಯೋದಲ್ಲಿ ಉಳಿದಿದೆಯೇ ಎಂದು ಮೊದಲು ವಿಚಾರಿಸಿ.

ಅದು ಸಿಗದಿದ್ದರೆ ಅಲ್ಬಮ್ಮಿನ ಹಿಂಬದಿಯ ಲಕೋಟೆ ತೆರೆಯಿರಿ. ಫೋಟೋ ನೆಗೆಟಿವ್‌ನ ಒಂದು ಚೌಕ 36×24 ಮಿಲಿಮೀಟರ್, ಸ್ಟಾರ್ ಟ್ರೆಕ್‌ನ ಒಂದು ಚೌಕಟ್ಟಿಗಿಂತ ಸುಮಾರು ಎರಡೂವರೆ ಪಟ್ಟು ದೊಡ್ಡದು. 2400 ಡಿಪಿಐಯಲ್ಲಿ (ಇಂಚಿಗೆ 2400 ಚುಕ್ಕೆ) ಸ್ಕ್ಯಾನ್ ಮಾಡಿದರೂ 3400 ಚುಕ್ಕೆ ಅಗಲದ ಚಿತ್ರ ಬರುತ್ತದೆ. ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ, ಹೊಳಪಿಲ್ಲದ ಬದಿಯನ್ನು ಬೆರಳಿನಿಂದ ಮುಟ್ಟಬೇಡಿ. ಲಕೋಟೆ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ, ಸ್ಕ್ಯಾನನ್ನು ಈ ಮಳೆಗಾಲದ ಮೊದಲೇ ಮುಗಿಸಿ.